ಸಣ್ಣ ವಾಚನಾಲಯಕ್ಕೆ ಪುಸ್ತಕ ನೀತಿ ಬರೆಯುವುದು ಹೇಗೆ? ಕಾಸರಗೋಡಿನ ಒಂದು ಕಪಾಟಿನಿಂದ

ಹನ್ನೊಂದು ಗೋಣಿ ಪುಸ್ತಕ. ಊರಿನ ಒಂದು ಹಳೆಯ ಮನೆ ಮಾರಾಟವಾಗಿತ್ತು, ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಅಟ್ಟದಲ್ಲಿ ಇದ್ದದ್ದನ್ನೆಲ್ಲ ಪಿಕಪ್‌ಗೆ ತುಂಬಿಸಿ ನಮ್ಮ ವಾಚನಾಲಯದ ಜಗಲಿಯಲ್ಲಿ ಇಳಿಸಿ ಹೋದರು. ಬೇಡ ಅನ್ನಲು ನಮಗೆ ಬಾಯಿ ಬರಲಿಲ್ಲ. ಪುಸ್ತಕ ಅಂದರೆ ಸರಸ್ವತಿ, ಅಲ್ವಾ? ಬಿಚ್ಚಿ ನೋಡಿದರೆ ಹಳೇ ಗೈಡುಗಳು, ಟೆಲಿಫೋನ್ ಡೈರೆಕ್ಟರಿ, ವಾರಪತ್ರಿಕೆಗಳ ಬಿಡಿ ಸಂಚಿಕೆಗಳು, ಯಾರದೋ ಕಾಲೇಜಿನ ಕೆಮಿಸ್ಟ್ರಿ ನೋಟ್ಸು. ಬೇಕಾದ್ದನ್ನು ಆರಿಸಿದರೆ ಒಂದು ಗೋಣಿಯೂ ತುಂಬಲಿಲ್ಲ. ಉಳಿದದ್ದನ್ನು "ಮತ್ತೆ ನೋಡುವ" ಅಂತ ಮೂಲೆಗೆ ತಳ್ಳಿದೆವು. ಮಳೆಗಾಲ ಕಳೆದು ಗೋಣಿ ಎತ್ತಿದಾಗ ಒರಲೆಯ ಮಣ್ಣಿನ ಗೆರೆ ಗೋಡೆ ಹತ್ತಿ, ಮಕ್ಕಳ ಕಪಾಟಿನ ಕೆಳಗಿನ ಸಾಲಿನೊಳಗೆ ಹೋಗಿತ್ತು.

ಆ ಬೇಸಿಗೆಯಲ್ಲಿ ಕುಳಿತು ನಾವು ಪುಸ್ತಕ ನೀತಿ ಬರೆದೆವು. ನಾಲ್ಕೇ ಪುಟ. ಈಗ "ಇದು ಬೇಡ" ಅನ್ನುವುದು ನಾನಲ್ಲ, ಆ ಕಾಗದ. ನೀತಿಯಿಂದ ಆಗುವ ದೊಡ್ಡ ಉಪಕಾರವೇ ಇದು: ಒಲ್ಲೆ ಅನ್ನುವ ಕೆಲಸವನ್ನು ಒಬ್ಬರ ಮೋರೆಯಿಂದ ತೆಗೆದು ಗೋಡೆಯ ಮೇಲೆ ಹಾಕುತ್ತದೆ.

ಯಾರಿಗಾಗಿ ಪುಸ್ತಕ ತರುತ್ತೇವೆ, ಎಂಥದ್ದು ತರುತ್ತೇವೆ, ಎಂಥದ್ದು ಇಲ್ಲ, ದಾನ ಬಂದರೆ ಎಂತ ಮಾಡುವುದು, ಯಾವುದನ್ನು ಯಾವಾಗ ಹೊರಗೆ ಹಾಕುವುದು, ಇದನ್ನೆಲ್ಲ ತೀರ್ಮಾನ ಮಾಡುವವರು ಯಾರು. ನೀತಿಯಲ್ಲಿ ಇರಬೇಕಾದ್ದು ಇಷ್ಟೇ. ವಿಶ್ವವಿದ್ಯಾಲಯಗಳು ಇದಕ್ಕೆ ಹತ್ತಾರು ಪುಟ ಬರೆಯುತ್ತವೆ. ನಮಗೆ ಅಷ್ಟು ಬೇಡ, ಓದುವವರು ಯಾರು?

ಆದರೆ ನಮ್ಮಂಥವರಿಗೆ ಇದು ಬೇಕೇ ಬೇಕು. ಕೇರಳದ ಊರ ವಾಚನಾಲಯಗಳು ಸರಕಾರದ ಶಾಖೆಗಳಲ್ಲ. ಪಿ.ಎನ್. ಪಣಿಕ್ಕರ್ 1945ರಲ್ಲಿ ಅಂಬಲಪ್ಪುಳದಲ್ಲಿ ಶುರು ಮಾಡಿದ ಗ್ರಂಥಶಾಲಾ ಸಂಘದ ದಾರಿಯಲ್ಲಿ ಬೆಳೆದ, ಊರವರೇ ಕಟ್ಟಿದ ಸಂಘಗಳು ಇವು. 1989ರ ಕಾಯ್ದೆಯ ಮೇಲೆ ಲೈಬ್ರರಿ ಕೌನ್ಸಿಲ್ ಬಂತು. ಅದು ಗ್ರೇಡ್ ಕೊಡುತ್ತದೆ, ಗ್ರಾಂಟ್ ಕೊಡುತ್ತದೆ, ತಪಾಸಣೆಗೆ ಬರುತ್ತದೆ. ಆದರೆ ಯಾವ ಪುಸ್ತಕ ಕೊಳ್ಳಬೇಕು ಅನ್ನುವುದು ಊರಿನ ಆಡಳಿತ ಸಮಿತಿಯ ಕೈಯಲ್ಲೇ ಉಂಟು. ಸಮಿತಿ ಬದಲಾದ ಹಾಗೆ ಕಪಾಟಿನ ರುಚಿಯೂ ಬದಲಾಗುತ್ತದೆ. ಒಬ್ಬ ಕಾರ್ಯದರ್ಶಿಗೆ ಕಾದಂಬರಿ ಇಷ್ಟ, ಇನ್ನೊಬ್ಬರಿಗೆ ಆಧ್ಯಾತ್ಮ. ಇಪ್ಪತ್ತು ವರ್ಷ ಹೀಗೆ ನಡೆದರೆ ಕಪಾಟು ಓದುಗರದ್ದಾಗಿ ಉಳಿಯುವುದಿಲ್ಲ, ಹಳೆಯ ಕಾರ್ಯದರ್ಶಿಗಳ ಸಾಲು ಸಮಾಧಿಯಾಗುತ್ತದೆ.

ಹಂತ 1: ಓದುವವರನ್ನು ಎಣಿಸಿ

ಪುಸ್ತಕ ಎಣಿಸುವ ಮೊದಲು ಜನರನ್ನು ಎಣಿಸಿ. ಕಳೆದ ಒಂದು ವರ್ಷದ ಇಶ್ಯೂ ರಿಜಿಸ್ಟರ್ ತೆಗೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ಯಾರು (ಮಗು, ಕಾಲೇಜಿನವರು, ದೊಡ್ಡವರು, ವಯಸ್ಸಾದವರು), ಯಾವ ಭಾಷೆಯ ಪುಸ್ತಕ, ಯಾವ ವಿಷಯ. ಪ್ರತಿ ತಿಂಗಳ ಮೊದಲ ವಾರದ್ದು ಮಾತ್ರ ತೆಗೆದುಕೊಂಡರೂ ಸಾಕು, ಅಂದಾಜು ಸಿಗುತ್ತದೆ. ಮೇ ಮತ್ತು ಜೂನ್ ಎರಡೂ ಸೇರಲಿ. ರಜೆಯ ಓದು ಬೇರೆ, ಶಾಲೆ ಶುರುವಾದ ಮೇಲಿನ ಓದು ಬೇರೆ.

ರಿಜಿಸ್ಟರಿನಲ್ಲಿ ಸಿಗುವುದು ಬರುವವರ ಲೆಕ್ಕ ಮಾತ್ರ. ಬಾರದವರ ಲೆಕ್ಕಕ್ಕೆ ಮನೆಗಳಿಗೆ ಹೋಗಬೇಕು. ಎರಡು ಭಾನುವಾರ, ಇಬ್ಬರು, ಒಂದು ವಾರ್ಡು. ಮಹಿಳೆಯರಿಗೆ ಮನೆಮನೆಗೆ ಪುಸ್ತಕ ಕೊಂಡುಹೋಗುವ ವನಿತಾ ಪುಸ್ತಕ ವಿತರಣೆ ನಿಮ್ಮಲ್ಲಿ ಇದ್ದರೆ ಆ ಕೆಲಸ ಮಾಡುವ ಅಕ್ಕನನ್ನು ಮೊದಲು ಕೂರಿಸಿ ಕೇಳಿ. ಯಾವ ಮನೆಯಲ್ಲಿ ಯಾರು ಎಂತ ಓದುತ್ತಾರೆ ಅಂತ ಅವರಿಗೆ ಗೊತ್ತಿರುವಷ್ಟು ಸಮಿತಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಇಲ್ಲಿ ಕಾಸರಗೋಡಿನದ್ದೇ ಒಂದು ಸಂಗತಿ. ಸಪ್ತಭಾಷೆಯ ನೆಲ ಅಂತ ಎಲ್ಲ ಭಾಷಣದಲ್ಲೂ ಹೇಳುತ್ತೇವೆ. ಆದರೆ ಮನೆಯಲ್ಲಿ ಆಡುವ ಭಾಷೆ ಒಂದು, ಓದುವ ಭಾಷೆ ಇನ್ನೊಂದು. ನಮ್ಮ ವಾರ್ಡಿನಲ್ಲಿ ಕಂಡದ್ದು ಹೇಳುತ್ತೇನೆ. ತುಳು ಮಾತಾಡುವ ಅಜ್ಜಿ ಓದುವುದು ಕನ್ನಡ. ಅವರ ಸೊಸೆ ಕನ್ನಡ ಮೀಡಿಯಂನಲ್ಲಿ ಕಲಿತವರು, ಪಿಎಸ್‌ಸಿ ಪರೀಕ್ಷೆಗಾಗಿ (ಸರಕಾರಿ ಕೆಲಸದ್ದು) ಈಗ ಮಲಯಾಳಂ ಓದುತ್ತಾರೆ. ಮೊಮ್ಮಗಳು ಇಂಗ್ಲಿಷ್ ಮೀಡಿಯಂ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಕೊಟ್ಟರೆ ಅಕ್ಷರ ಕೂಡಿಸುತ್ತಾಳೆ. ಪಕ್ಕದ ಬ್ಯಾರಿ ಮನೆಯ ಹುಡುಗ ಮಲಯಾಳಂ ಮೀಡಿಯಂ, ಅವನ ಅಪ್ಪ ಗಲ್ಫಿನಿಂದ ಬಂದಾಗ ಓದುವುದು ಕನ್ನಡ ಪತ್ರಿಕೆ. ಮೇಲಿನ ಗುಡ್ಡೆಯ ಕರಾಡ ಬ್ರಾಹ್ಮಣರ ಮನೆಯಲ್ಲಿ ಮರಾಠಿ ಮಾತು, ಕಪಾಟಿನ ತುಂಬ ಕನ್ನಡ.

ಹಾಗಾಗಿ ಮನೆ ಭೇಟಿಯಲ್ಲಿ "ನಿಮ್ಮ ಭಾಷೆ ಯಾವುದು?" ಅಂತ ಕೇಳಬೇಡಿ. ಅದಕ್ಕೆ ಬರುವುದು ಸೆನ್ಸಸ್ ಉತ್ತರ. ಇಲ್ಲಿ ಅದು ರಾಜಕೀಯದ ಪ್ರಶ್ನೆಯಾಗಿಯೂ ಕೇಳಿಸುತ್ತದೆ. "ಕಡೆಯದಾಗಿ ಓದಿ ಮುಗಿಸಿದ್ದು ಎಂತ?" ಅಂತ ಕೇಳಿ. ಪತ್ರಿಕೆಯಾದರೂ ಆಗಲಿ, ಪಂಚಾಂಗವಾದರೂ ಆಗಲಿ. ಆ ಉತ್ತರವೇ ನಿಮ್ಮ ನೀತಿಯ ತಳಪಾಯ.

ಹಂತ 2: ಕಪಾಟಿನಲ್ಲಿ ಇರುವುದನ್ನು ತೂಗಿ ನೋಡಿ

ಎಲ್ಲ ಪುಸ್ತಕ ಎಣಿಸಲು ಹೋಗಬೇಡಿ, ನಡುವೆ ಕೈಬಿಡುತ್ತೀರಿ. ಪ್ರತಿ ಹತ್ತನೆಯ ಪುಸ್ತಕ ಎಳೆಯಿರಿ. ಆರು ಸಾವಿರ ಪುಸ್ತಕ ಇದ್ದರೆ ಆರುನೂರು ನೋಡಿದ ಹಾಗಾಯಿತು. ಒಂದೊಂದಕ್ಕೂ ನಾಲ್ಕು ಸಂಗತಿ ಬರೆಯಿರಿ: ಭಾಷೆ, ಅಚ್ಚಾದ ವರ್ಷ, ಕೊನೆಯ ಸಲ ಹೊರಗೆ ಹೋದ ದಿನ, ಸ್ಥಿತಿ. ಹಿಂದಿನ ಚೀಟಿಯಲ್ಲಿ ಒಂದೂ ಮೊಹರು ಇಲ್ಲದಿದ್ದರೆ "ಹೋಗಿಲ್ಲ" ಅಂತಲೇ ಬರೆಯಿರಿ.

ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಡ್ಯೂಯಿ ಸಂಖ್ಯೆ ಹಾಕಿಟ್ಟಿದ್ದರೆ ಕೆಲಸ ಹಗುರ. ಕನ್ನಡ ಸಾಹಿತ್ಯ 894.814, ಮಲಯಾಳಂ ಸಾಹಿತ್ಯ 894.812. ಪುಸ್ತಕದ ಬೆನ್ನು (ಸ್ಪೈನ್) ನೋಡಿಯೇ ಸಾಲು ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಗೊತ್ತಾದದ್ದು: ದೊಡ್ಡವರ ಕಾದಂಬರಿ ನಾಲ್ಕು ಕಪಾಟು, ಮಕ್ಕಳದ್ದು ಮುಕ್ಕಾಲು ಕಪಾಟು. ಇಶ್ಯೂ ರಿಜಿಸ್ಟರಿನಲ್ಲಿ ಅರ್ಧದಷ್ಟು ಹೆಸರು ಮಕ್ಕಳದ್ದೇ ಇತ್ತು. ಮಕ್ಕಳ ಪುಸ್ತಕ ಇಲ್ಲದಾಗ ಹುಡುಗರು ಅದೇ ಮುಕ್ಕಾಲು ಕಪಾಟನ್ನು ಮತ್ತೆ ಮತ್ತೆ ಓದುತ್ತಿದ್ದರು, ಪುಟ ಉದುರುವವರೆಗೆ. ಯಾರೂ ದೂರು ಕೊಟ್ಟಿರಲಿಲ್ಲ. ಮಕ್ಕಳು ದೂರು ಕೊಡುವುದಿಲ್ಲ, ಸುಮ್ನೆ ಬರುವುದು ನಿಲ್ಲಿಸುತ್ತಾರೆ.

ಹಂತ 3: ಮೊದಲ ಪುಟ ಬರೆಯಿರಿ

ಮೊದಲ ಪುಟದಲ್ಲಿ ಉದ್ದೇಶ. "ಜ್ಞಾನಜ್ಯೋತಿ ಬೆಳಗುವುದು" ಅಂತೆಲ್ಲ ಬೇಡ. ಅಂಥ ವಾಕ್ಯದಿಂದ ಯಾವ ಪುಸ್ತಕವನ್ನೂ ಆರಿಸಲು ಆಗುವುದಿಲ್ಲ, ಯಾವುದನ್ನೂ ಬಿಡಲೂ ಆಗುವುದಿಲ್ಲ. ನಮ್ಮದು ಹೀಗಿದೆ, ಬೇಕಾದರೆ ಎತ್ತಿಕೊಳ್ಳಿ:

"ಈ ವಾಚನಾಲಯ ಮೊದಲಿಗೆ ನಮ್ಮ ಮೂರು ವಾರ್ಡುಗಳ ಮಕ್ಕಳಿಗೆ, ಮನೆಯಲ್ಲಿರುವ ಓದುಗರಿಗೆ ಮತ್ತು ಪರೀಕ್ಷೆಗೆ ಓದುವವರಿಗೆ ಇರುವುದು. ಅವರು ಓದುವ ಭಾಷೆಗಳಲ್ಲಿ, ಅವರು ಓದುವಂಥ ಪುಸ್ತಕಗಳನ್ನು ತರುತ್ತೇವೆ. ನಮ್ಮ ಊರು ಮತ್ತು ಸುತ್ತಲಿನ ಬಗ್ಗೆ ಇರುವ ಯಾವುದೇ ಮುದ್ರಿತ ಕಾಗದವನ್ನು ಉಳಿಸಿಕೊಳ್ಳುತ್ತೇವೆ. ಸಂಶೋಧನೆಗೆ ಬೇಕಾದ ದೊಡ್ಡ ಸಂಗ್ರಹ ಮಾಡುವುದು ನಮ್ಮ ಕೆಲಸವಲ್ಲ."

ಕೊನೆಯ ವಾಕ್ಯಕ್ಕೆ ಸಮಿತಿಯಲ್ಲಿ ಎರಡು ಗಂಟೆ ಚರ್ಚೆಯಾಯಿತು. ಉಳಿಸಿಕೊಂಡೆವು. ಅದು ಇಲ್ಲದಿದ್ದರೆ ಪ್ರತಿ ವರ್ಷ ಯಾರಾದರೂ ಒಬ್ಬರು ಹತ್ತು ಸಂಪುಟದ ಸಮಗ್ರ ಕೃತಿಗಳಿಗೆ ಅರ್ಧ ಗ್ರಾಂಟ್ ಕೇಳುತ್ತಾರೆ.

ಗ್ರಂಥಾಲಯ ವಿಜ್ಞಾನ ಕಲಿತವರಿಗೆ ಎಸ್.ಆರ್. ರಂಗನಾಥನ್ 1931ರಲ್ಲಿ ಹೇಳಿದ ಐದು ಸೂತ್ರ ಗೊತ್ತಿರುತ್ತದೆ. ಮೊದಲನೆಯದು, ಪುಸ್ತಕ ಇರುವುದು ಬಳಸಲಿಕ್ಕೆ. ಐದನೆಯದು, ಗ್ರಂಥಾಲಯ ಬೆಳೆಯುವ ಜೀವಿ. ನಮ್ಮವರು ಐದನೆಯದನ್ನು ಮಾತ್ರ ನೆನಪಿಟ್ಟುಕೊಂಡು ಕಪಾಟು ಬೆಳೆಸುತ್ತಾರೆ. ಮೊದಲನೆಯದನ್ನು ನೀತಿಯ ತಲೆಯ ಮೇಲೆ ಬರೆದಿಟ್ಟುಕೊಂಡರೆ ಜಗಳ ಅರ್ಧ ಕಡಿಮೆಯಾಗುತ್ತದೆ.

ಹಂತ 4: ಭಾಷೆಗಳ ಪಾಲು

ಇದು ಕಷ್ಟದ ಜಾಗ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ನಂತರ ಇಲ್ಲಿ ಕನ್ನಡ ಅಂದರೆ ಓದು ಮಾತ್ರ ಅಲ್ಲ, ಹಕ್ಕಿನ ಮಾತೂ ಹೌದು. ಕನ್ನಡಕ್ಕೆ ಇಷ್ಟೇ ಅಂತ ಬರೆದರೆ ಒಬ್ಬರಿಗೆ ನೋವು, ಮಲಯಾಳಂಗೆ ಅಷ್ಟು ಅಂತ ಬರೆದರೆ ಇನ್ನೊಬ್ಬರಿಗೆ. ನನ್ನ ಸಲಹೆ ಇಷ್ಟು: ಶೇಕಡಾವಾರನ್ನು ಅಭಿಮಾನದ ಮೇಲೆ ಬರೆಯಬೇಡಿ, ಹಂತ 1ರಲ್ಲಿ ಮಾಡಿದ ಲೆಕ್ಕದ ಮೇಲೆ ಬರೆಯಿರಿ. ಆ ನೋಟ್‌ಬುಕ್ ಮೇಜಿನ ಮೇಲೆ ಇದ್ದರೆ ಮಾತು ತಣ್ಣಗಿರುತ್ತದೆ.

ಆದರೆ ಲೆಕ್ಕಕ್ಕೆ ಪೂರ್ತಿ ಬಿಟ್ಟರೂ ತಪ್ಪು. ತುಳು, ಕೊಂಕಣಿ, ಬ್ಯಾರಿ ಪುಸ್ತಕಗಳು ಕಪಾಟಿನಲ್ಲಿ ಇಲ್ಲದಿದ್ದರೆ ರಿಜಿಸ್ಟರಿನಲ್ಲಿಯೂ ಇರುವುದಿಲ್ಲ. ಇಲ್ಲದ್ದನ್ನು ಯಾರು ಒಯ್ಯುತ್ತಾರೆ ಮಾರಾಯ್ರೆ? ಹಾಗಾಗಿ ಸಣ್ಣ ಭಾಷೆಗಳಿಗೆ ಒಂದು ಕನಿಷ್ಠ ಮೊತ್ತ ಇಡಿ. ಓದು ಇರಲಿ ಬಿಡಲಿ, ಅಷ್ಟು ಖರ್ಚು ಆಗಲೇಬೇಕು. ಮೂರು ವರ್ಷ ಕಳೆದು ಲೆಕ್ಕ ನೋಡಿ. ಕನ್ನಡ ಲಿಪಿಯ ತುಳು ಪುಸ್ತಕ ಇಲ್ಲಿ ಕನ್ನಡ ಓದುವ ಎಲ್ಲರಿಗೂ ದಕ್ಕುತ್ತದೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ತಂದ ಆರು ಸಂಪುಟದ ತುಳು ನಿಘಂಟಿನಂಥದ್ದು ನಮ್ಮ ಕಡೆ ತಾಲೂಕಿಗೆ ಒಂದೆರಡು ಕಡೆ ಇದ್ದರೂ ಸಾಕು. ಪಕ್ಕದ ವಾಚನಾಲಯದಲ್ಲಿ ಇದ್ದರೆ ನೀವು ಕೊಳ್ಳಬೇಕೆಂದಿಲ್ಲ. ಯಾರಲ್ಲಿ ಎಂತ ಉಂಟು ಅಂತ ಒಂದು ಪಟ್ಟಿ ಮಾಡಿಕೊಳ್ಳಿ, ಅದನ್ನೂ ನೀತಿಗೆ ಅಂಟಿಸಿ.

ಇನ್ನೊಂದು, ಅನುವಾದ. ಮಲಯಾಳಂನಿಂದ ಕನ್ನಡಕ್ಕೆ, ಕನ್ನಡದಿಂದ ಮಲಯಾಳಂಗೆ ಬಂದ ಪುಸ್ತಕಗಳಿಗೆ ನಮ್ಮಲ್ಲಿ ಬೇರೆಯೇ ಸಾಲು ಉಂಟು. ಮೂಲ ಮತ್ತು ಅನುವಾದ ಎರಡೂ ಸಿಕ್ಕರೆ ಎರಡನ್ನೂ ತಂದು ಅಕ್ಕಪಕ್ಕ ಇಡುತ್ತೇವೆ. ಮಲಯಾಳಂ ಕಲಿಯಬೇಕಾದ ಕನ್ನಡ ಟೀಚರುಗಳು ಆ ಜೋಡಿಗಳನ್ನು ಒಟ್ಟಿಗೆ ಒಯ್ಯುತ್ತಾರೆ. ನಾವು ಯೋಜನೆ ಹಾಕಿ ಮಾಡಿದ್ದಲ್ಲ ಅದು, ತಾನಾಗಿ ಆದದ್ದು.

ಹಂತ 5: ವಿಷಯಕ್ಕೊಂದು ನಿಯಮ

ಎಲ್ಲ ವಿಷಯಕ್ಕೂ ಒಂದೇ ಅಳತೆ ಹಿಡಿಯಬೇಡಿ. ಕಥೆ ಹಳತಾದರೆ ತೊಂದರೆ ಇಲ್ಲ, ಕಾನೂನು ಹಳತಾದರೆ ಅಪಾಯ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಅದಕ್ಕೆ ಮೊದಲಿನ "ಸಾಮಾನ್ಯರಿಗಾಗಿ ಕಾನೂನು" ತರಹದ ಪುಸ್ತಕದಲ್ಲಿ ಸೆಕ್ಷನ್ ಸಂಖ್ಯೆಗಳೇ ಬೇರೆ. ಅಂಥದ್ದನ್ನು ಕಪಾಟಿನಲ್ಲಿ ಇಟ್ಟರೆ ಓದಿದವರನ್ನು ನಾವೇ ದಾರಿ ತಪ್ಪಿಸಿದ ಹಾಗೆ. ಕಾನೂನು, ಕಂಪ್ಯೂಟರ್, ಪರೀಕ್ಷೆಯ ಪುಸ್ತಕಗಳಿಗೆ ನಾವು ಮೂರು ವರ್ಷದ ಆಯುಸ್ಸು ಕೊಟ್ಟಿದ್ದೇವೆ, ಆರೋಗ್ಯಕ್ಕೆ ಐದು.

ಕೃಷಿ ನಮ್ಮಲ್ಲಿ ಅಂದರೆ ಅಡಿಕೆ, ತೆಂಗು, ಕರಿಮೆಣಸು, ಗೇರು. ದಪ್ಪ ಪುಸ್ತಕಕ್ಕಿಂತ ಕೈಪಿಡಿ ಜಾಸ್ತಿ ಹೋಗುತ್ತದೆ. ಅಡಿಕೆ ಕೊಳೆಯುವ ಮಹಾಳಿ ರೋಗಕ್ಕೆ ಸಿಂಪಡಿಸುವ ಬೋರ್ಡೊ ಮಿಶ್ರಣ ಎಷ್ಟು ಅಂತ ನೋಡಲು ಮಳೆಗಾಲಕ್ಕೆ ಮೊದಲು ಬರುವವರಿಗೆ ಬೇಕಾದ್ದು ನಾಲ್ಕು ಪುಟ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾಗಿ ಈಗ ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ಆಗಿರುವ ಸಂಸ್ಥೆ ನಮ್ಮ ಕಾಸರಗೋಡಿನಲ್ಲೇ ಉಂಟು. ಅಂಥ ಕಡೆಯಿಂದ ಬರುವ ಕೈಪಿಡಿಗಳನ್ನು ಸ್ಟಾಕ್ ರಿಜಿಸ್ಟರಿಗೆ ಏರಿಸುವ ಗೋಜಿಗೆ ಹೋಗದೆ ಒಂದು ಬಾಕ್ಸ್ ಫೈಲಿನಲ್ಲಿ ಇಡಿ. ಹೊಸತು ಬಂದಾಗ ಹಳತು ಎಸೆಯಿರಿ.

ಯಕ್ಷಗಾನ ಪ್ರಸಂಗ ಪುಸ್ತಕಕ್ಕೆ ನಮ್ಮ ನೀತಿಯಲ್ಲಿ ಪೂರ್ತಿ ಒಂದು ಪ್ಯಾರಾ ಉಂಟು. ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆಯ ಸೀಮೆ ಇದು, ಅಷ್ಟು ಬೇಡವೇ? ತೆಳ್ಳಗಿನ ಪುಸ್ತಕಗಳು, ಎರಡು ಕೈ ಬದಲಾದರೆ ಮುಗಿಯಿತು. ಮಳೆಗಾಲದ ಆಟಿ ತಿಂಗಳಲ್ಲಿ ತಾಳಮದ್ದಳೆ (ವೇಷ ಇಲ್ಲದೆ ಕೂತು ಆಡುವ ಯಕ್ಷಗಾನ) ಶುರುವಾದರೆ ಮಾತು ಹೇಳುವ ಅರ್ಥಧಾರಿಗಳು ಸಂಜೆ ಆರಕ್ಕೆ ಬಂದು "ಇವತ್ತು ರಾತ್ರಿಗೆ ಬೇಕಿತ್ತು" ಅನ್ನುತ್ತಾರೆ. ಒಯ್ದದ್ದು ಭಾಗವತರ ಚೀಲ ಸೇರಿದರೆ ಮತ್ತೆ ಕಾಣಲಿಕ್ಕಿಲ್ಲ. ಈಗ ನಿಯಮ: ಪ್ರತಿ ಪ್ರಸಂಗ ಎರಡು ಪ್ರತಿ, ಒಂದು ಹೊರಗೆ ಹೋಗುತ್ತದೆ, ಒಂದು ಹೋಗುವುದೇ ಇಲ್ಲ.

ಶಾಲೆಯ ಪಠ್ಯಪುಸ್ತಕ ಮತ್ತು ಗೈಡು ಕೊಳ್ಳುವುದಿಲ್ಲ ಅಂತ ಬರೆದಿಡಿ. ಪಿಎಸ್‌ಸಿ ಪುಸ್ತಕ ಕೊಳ್ಳಿ, ಆದರೆ ಮನೆಗೆ ಕೊಡಬೇಡಿ. ಧರ್ಮದ ಪುಸ್ತಕಗಳಿಗೆ ನಮ್ಮ ನಿಯಮ ಸರಳ. ಎಲ್ಲ ಧರ್ಮದ ಮೂಲಗ್ರಂಥ ಮತ್ತು ಪರಿಚಯ ಇರಬೇಕು, ಪ್ರಚಾರದ ಕರಪತ್ರ ಯಾವುದೂ ಇರಬಾರದು. ರಾಜಕೀಯ ಪಕ್ಷಗಳಿಗೂ ಅದೇ.

ಹಂತ 6: ದುಡ್ಡಿನ ಹಂಚಿಕೆ, ಕೊಳ್ಳುವ ದಾರಿ

ಲೆಕ್ಕಕ್ಕೆ ಅಂತ 30,000 ರೂಪಾಯಿ ಇಟ್ಟುಕೊಳ್ಳಿ. ನಾವು ಹಂಚುವ ರೀತಿಯಲ್ಲಿ ಮಕ್ಕಳಿಗೆ 9,000, ಕನ್ನಡ ಸಾಹಿತ್ಯ ಮತ್ತು ಅನುವಾದಕ್ಕೆ 6,000, ಮಲಯಾಳಂಗೆ 5,000, ಪರೀಕ್ಷೆಯವರಿಗೆ 3,000, ಕೃಷಿ, ಆರೋಗ್ಯ, ಕಾನೂನಿಗೆ 2,000, ತುಳು, ಕೊಂಕಣಿ, ಬ್ಯಾರಿ ಮತ್ತು ಊರಿನ ಸಂಗ್ರಹಕ್ಕೆ 2,000. ಉಳಿದ 3,000 ಯಾರಿಗೂ ಇಲ್ಲ. ವರ್ಷದ ನಡುವೆ ಓದುಗರು ಚೀಟಿ ಬರೆದು ಕೇಳಿದ್ದಕ್ಕೆ ಅದು. ಚೀಟಿಯ ಪುಸ್ತಕ ಬಂದಾಗ ಕೇಳಿದವರಿಗೆ ಮೊದಲು ಫೋನ್ ಮಾಡಿ. ಅವರು ಖಂಡಿತ ಓದುತ್ತಾರೆ, ಇನ್ನೊಬ್ಬರನ್ನು ಕರೆತರುತ್ತಾರೆ.

ಗ್ರಾಂಟ್ ಆದೇಶದಲ್ಲಿ ಪುಸ್ತಕಕ್ಕೆ ಎಷ್ಟು, ಯಾವ ದಿನಾಂಕದೊಳಗೆ ಅಂತ ಇರುತ್ತದೆ. ಮೊದಲು ಅದನ್ನು ಓದಿ. ಜಿಲ್ಲಾ ಲೈಬ್ರರಿ ಕೌನ್ಸಿಲ್‌ನ ಪುಸ್ತಕೋತ್ಸವದಲ್ಲಿ ರಿಯಾಯಿತಿ ಉಂಟು, ಅಲ್ಲಿಂದಲೇ ಎಲ್ಲ ತೆಗೆದುಕೊಂಡು ಮುಗಿಸುವ ಆಸೆಯೂ ಆಗುತ್ತದೆ. ಅಲ್ಲಿ ಮಲಯಾಳಂ ಮಳಿಗೆಗಳೇ ಜಾಸ್ತಿ. ಬಸ್ಸಿಗೆ ಹೊತ್ತಾಯಿತು ಅಂತ ಕೈಗೆ ಸಿಕ್ಕಿದ ಕನ್ನಡ ಪುಸ್ತಕ ತುಂಬಿಸಿಕೊಂಡು ಬಂದ ವರ್ಷಗಳು ನಮ್ಮಲ್ಲಿ ಆಗಿವೆ. ಒಂದೇ ಪುಸ್ತಕ ಮೂರು ವರ್ಷ ಮೂರು ಸಲ ಬಂದದ್ದೂ ಉಂಟು! ಪಟ್ಟಿ ಮಾಡಿಕೊಂಡು ಹೋಗಿ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ.

ಕನ್ನಡದ್ದಕ್ಕೆ ಮಂಗಳೂರು, ಪುತ್ತೂರು ದೂರ ಅಲ್ಲ. ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಪ್ರಕಾಶಕರಿಗೆ ನೇರ ಬರೆದರೆ ಗ್ರಂಥಾಲಯ ಅಂತ ರಿಯಾಯಿತಿ ಕೊಡುತ್ತಾರೆ, ಕೇಳಬೇಕು ಅಷ್ಟೇ. ಕರ್ನಾಟಕದ ಬಿಲ್ಲು ಗ್ರಾಂಟಿನ ಲೆಕ್ಕಕ್ಕೆ ನಡೆಯುತ್ತದೋ ಅಂತ ತಾಲೂಕು ಕೌನ್ಸಿಲ್‌ನಲ್ಲಿ ಮೊದಲೇ ಕೇಳಿಕೊಳ್ಳಿ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಸೇರಿಸಿದ್ದರೆ ತೆಗೆಸಿ. ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದಿಂದಲೂ ಪುಸ್ತಕ ಬರುವುದುಂಟು. ಉಚಿತವಾಗಿ ಬಂದದ್ದಕ್ಕೂ ನಿಮ್ಮ ನೀತಿಯೇ ಅಳತೆ.

ಹಂತ 7: ದಾನ

ಜೂನ್ 19, ಪಣಿಕ್ಕರರ ನೆನಪಿನ ವಾಚನಾ ದಿನ. ಆ ವಾರ ವಾಚನಾಲಯಕ್ಕೆ ಪುಸ್ತಕ ದಾನದ ಸುರಿಮಳೆ, ಹೊರಗೆ ನಿಜವಾದ ಮಳೆ. ಎರಡೂ ಸೇರಿದರೆ ಬೂಷ್ಟು.

ನಮ್ಮ ದಾನದ ನಿಯಮ ಇಷ್ಟು. ಪುಸ್ತಕ ತರುವ ಮೊದಲು ಪಟ್ಟಿ ಅಥವಾ ಫೋಟೋ ಕಳಿಸಬೇಕು. ಸ್ವೀಕರಿಸಿದ ಪುಸ್ತಕ ವಾಚನಾಲಯದ್ದು, ಇಡುವುದೋ ಕೊಡುವುದೋ ನಮಗೆ ಬಿಟ್ಟದ್ದು. ದಾನಿಯ ಹೆಸರಿನಲ್ಲಿ ಬೇರೆ ಕಪಾಟು ಇಲ್ಲ, ಪುಸ್ತಕದ ಒಳಗೆ ಹೆಸರಿನ ಚೀಟಿ ಅಂಟಿಸುತ್ತೇವೆ. ಬಂದ ಪುಸ್ತಕ ಎರಡು ವಾರ ಬೇರೆ ಕೋಣೆಯಲ್ಲಿ, ನೆಲಕ್ಕೆ ತಾಗದ ಹಾಗೆ ಬೆಂಚಿನ ಮೇಲೆ ಇರುತ್ತದೆ. ಒಂದೊಂದನ್ನೂ ಬಿಡಿಸಿ, ಸ್ಪೈನಿನ ಒಳಗೆ ಹುಳ ಉಂಟೋ ನೋಡಿ, ಮತ್ತೆಯೇ ಕಪಾಟಿಗೆ.

ಹೇಳುವ ರೀತಿಯೂ ಮುಖ್ಯ. ಕಳೆದ ವರ್ಷ ನಡೆದದ್ದು:

"ಅಪ್ಪನ ಪುಸ್ತಕ ಉಂಟು ಮಾರಾಯ್ರೆ, ನಾಲ್ಕು ಪೆಟ್ಟಿಗೆ. ನಾಳೆ ರಿಕ್ಷಾದಲ್ಲಿ ಕಳಿಸ್ತೇನೆ."

"ಆಗಬಹುದು ಭಟ್ರೇ, ಆದ್ರೆ ಕಳಿಸ್ಬೇಡಿ. ನಾನೇ ಬರ್ತೇನೆ, ಅಲ್ಲೇ ಕೂತು ನೋಡುವ."

"ಎಂತಕ್ಕೆ ನಿಮಗೆ ತೊಂದರೆ?"

"ನಮ್ಮಲ್ಲಿ ಒಂದು ಕಾಗದ ಮಾಡಿದ್ದೇವೆ, ಅದ್ರ ಪ್ರಕಾರ ಹೋಗ್ಬೇಕು."

ಹೋದೆ. ನಾಲ್ಕು ಪೆಟ್ಟಿಗೆಯಲ್ಲಿ ಹದಿನೇಳು ಪುಸ್ತಕ ತಂದೆ. ಚಹಾ ಕುಡಿದೆ. ಉಳಿದದ್ದರಲ್ಲಿ ಅಪ್ಪನ ಅಕ್ಷರ ಇದ್ದದ್ದನ್ನು ಮನೆಯಲ್ಲೇ ಇಟ್ಟುಕೊಳ್ಳಲು ಹೇಳಿದೆ. ಅವರಿಗೆ ಬೇಜಾರಾಗಲಿಲ್ಲ. ಮನೆಗೆ ಹೋಗಿ ಒಲ್ಲೆ ಅನ್ನುವುದು ಬೇರೆ, ಜಗಲಿಯಿಂದ ಹಿಂದೆ ಕಳಿಸುವುದು ಬೇರೆ.

ಹಂತ 8: ಹೊರಗೆ ಹಾಕುವುದು

ಕಳೆ ಕೀಳದ ತೋಟ ಇಲ್ಲ. ಅಮೆರಿಕದ ಗ್ರಂಥಪಾಲಕರು ಇದಕ್ಕೆ ಮಾಡಿಕೊಂಡ ಒಂದು ಪಟ್ಟಿ ಉಂಟು, ನಮ್ಮ ಮಾತಿನಲ್ಲಿ ಹೀಗೆ: ಮಾಹಿತಿ ತಪ್ಪಾಗಿದೆಯೋ, ರಿಪೇರಿಗೂ ಬಾರದಷ್ಟು ಹರಿದಿದೆಯೋ, ಹೊಸ ಆವೃತ್ತಿ ಬಂದಿದೆಯೋ, ಹುರುಳಿಲ್ಲದ್ದೋ, ನಮ್ಮ ಓದುಗರಿಗೆ ಸಂಬಂಧವೇ ಇಲ್ಲದ್ದೋ, ಬೇರೆ ಕಡೆ ಸುಲಭವಾಗಿ ಸಿಗುತ್ತದೋ. ಮೊದಲ ಎರಡರಲ್ಲಿ ಒಂದಕ್ಕೆ ಹೌದು ಅಂತಾದರೂ ಪುಸ್ತಕ ಹೊರಗೆ. ಉಳಿದವುಗಳಲ್ಲಿ ಎರಡಾದರೂ ಹೌದಾಗಬೇಕು, ಜೊತೆಗೆ ಐದು ವರ್ಷ ಯಾರೂ ಒಯ್ದಿರಬಾರದು. ಊರಿನ ಸಂಗ್ರಹಕ್ಕೆ ಈ ನಿಯಮ ತಾಗುವುದಿಲ್ಲ.

ಕೆಲಸ ಪತ್ತನಾಜೆಯೊಳಗೆ (ಮೇ ಕೊನೆಯ ಹೊತ್ತಿಗೆ) ಮುಗಿಸಿ. ಆಮೇಲೆ ಮಳೆ, ಬಿಸಿಲಿಗೆ ಹರಡಲು ಆಗುವುದಿಲ್ಲ. ಒಬ್ಬರೇ ಮಾಡಬೇಡಿ. ಇಬ್ಬರು ಒಪ್ಪಿದ್ದು ಮಾತ್ರ ಪಟ್ಟಿಗೆ, ಪಟ್ಟಿ ಸಮಿತಿಗೆ, ಸಮಿತಿಯ ನಿರ್ಣಯದ ಸಂಖ್ಯೆ ಸ್ಟಾಕ್ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ. ಗ್ರಾಂಟಿನಲ್ಲಿ ಕೊಂಡ ಪುಸ್ತಕವನ್ನು ತೆಗೆದುಹಾಕುವ ಮೊದಲು ತಾಲೂಕು ಕೌನ್ಸಿಲ್‌ನವರನ್ನು ಕೇಳಿ.

ಮೊಹರಿನ ವಿಷಯ ಮರೆಯಬೇಡಿ. ಮೊದಲ ವರ್ಷ ನಾವು ತೆಗೆದ ಪುಸ್ತಕಗಳನ್ನು ಹಾಗೆಯೇ ರದ್ದಿಗೆ ಹಾಕಿದೆವು. ತಿಂಗಳು ಕಳೆದು ಬಸ್‌ಸ್ಟ್ಯಾಂಡಿನಲ್ಲಿ ಕಡಲೆ ಕೊಂಡರೆ ಪೊಟ್ಟಣದ ಮೇಲೆ ನಮ್ಮದೇ ವಾಚನಾಲಯದ ನೀಲಿ ಮೊಹರು! ಕಡಲೆ ಕೊಂಡದ್ದು ನಾನೊಬ್ಬನೇ ಅಲ್ಲವಲ್ಲ, ಊರೆಲ್ಲ ಸುದ್ದಿಯಾಯಿತು. ಈಗ ಪ್ರತಿ ಪುಸ್ತಕದ ಮೊದಲ ಪುಟಕ್ಕೆ "ವಿಲೇವಾರಿ ಮಾಡಲಾಗಿದೆ" ಅಂತ ಇನ್ನೊಂದು ಮೊಹರು, ಹಳೆಯದರ ಮೇಲೆ ಅಡ್ಡಗೆರೆ. ಮೊದಲು ಜಗಲಿಯಲ್ಲಿ ಒಂದು ವಾರ "ಬೇಕಾದವರು ಒಯ್ಯಿರಿ" ಅಂತ ಇಡುತ್ತೇವೆ, ಉಳಿದದ್ದು ಮಾತ್ರ ರದ್ದಿಗೆ.

ಹಂತ 9: ತಕರಾರು ಬಂದರೆ

ಯಾವುದೋ ಪುಸ್ತಕದ ಬಗ್ಗೆ ಯಾರಿಗೋ ಸಿಟ್ಟು ಬಂದೇ ಬರುತ್ತದೆ. ಬಾಯಿಮಾತಿನ ದೂರು ತೆಗೆದುಕೊಳ್ಳಬೇಡಿ, ಅರ್ಧ ಪುಟದ ಫಾರಂ ಇಡಿ. ಅದರಲ್ಲಿ ಮೊದಲ ಪ್ರಶ್ನೆ "ಪುಸ್ತಕ ಪೂರ್ತಿ ಓದಿದ್ದೀರಾ?" ಅಂತ ಇರಲಿ. ಸಮಿತಿ ತೀರ್ಮಾನ ಮಾಡುವವರೆಗೆ ಪುಸ್ತಕ ಕಪಾಟಿನಲ್ಲೇ ಇರುತ್ತದೆ ಅಂತ ಸ್ಪಷ್ಟವಾಗಿ ಬರೆಯಿರಿ. ನಮ್ಮಲ್ಲಿ ಫಾರಂ ಕೇಳಿದವರು ಮೂವರು, ತುಂಬಿಸಿ ಕೊಟ್ಟವರು ಯಾರೂ ಇಲ್ಲ.

ಹಂತ 10: ಊರಿನ ಸಂಗ್ರಹ

ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದು. ಕಾದಂಬರಿ ನಮ್ಮಲ್ಲಿ ಹೋದರೆ ಬೆಂಗಳೂರಿನಲ್ಲಿ ಇರುತ್ತದೆ. ನಮ್ಮ ಶಾಲೆಯ ಶತಮಾನೋತ್ಸವದ ಸ್ಮರಣಸಂಚಿಕೆ ನಮ್ಮಲ್ಲಿ ಹೋದರೆ ಎಲ್ಲಿಯೂ ಇರುವುದಿಲ್ಲ. ಎಂತೆಂಥದ್ದು ಬೇಕು ಅಂತ ನೀತಿಯಲ್ಲಿ ಹೆಸರಿಟ್ಟು ಬರೆಯಿರಿ: ಬ್ರಹ್ಮಕಲಶೋತ್ಸವದ ಆಮಂತ್ರಣ, ನೇಮೋತ್ಸವ ಮತ್ತು ಉರೂಸಿನ ನೋಟೀಸು, ಮೇಳದ ಕರಪತ್ರ, ಸಹಕಾರಿ ಸಂಘದ ವಾರ್ಷಿಕ ವರದಿ, ಊರಿನವರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಕವನ ಸಂಕಲನ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಕಾಲದ ಮನವಿಗಳು, ಸಭೆಯ ನೋಟೀಸುಗಳು ಯಾರ ಮನೆಯಲ್ಲಾದರೂ ಇದ್ದರೆ ಓಡಿ ಹೋಗಿ ತನ್ನಿ. 1984ರ ಮೇ 24ರಂದು ಜಿಲ್ಲೆ ಆದ ಸಮಯದ ಪತ್ರಿಕೆಗಳೂ ಹಾಗೆಯೇ.

ಅಂಗಡಿಯಲ್ಲಿ ಸಿಗದ ಹಳೆಯ ಪುಸ್ತಕ ಯಾರದೋ ಮನೆಯಲ್ಲಿ ಉಂಟು, ಕೊಡಲು ಮನಸ್ಸಿಲ್ಲ. ಆಗ? ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ ಲಾಭಕ್ಕಾಗಿ ನಡೆಸದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮೂರು ಪ್ರತಿಯವರೆಗೆ ಮಾಡಿಸಿಕೊಳ್ಳಬಹುದು ಅಂತ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಇನ್ನು, ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದರೆ ಕಾಪಿರೈಟೇ ಮುಗಿಯುತ್ತದೆ. ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಬರಹಗಳು 2024ರ ಜನವರಿ 1ರಿಂದ ಎಲ್ಲರವು, ಅಂಥದ್ದನ್ನು ಸ್ಕ್ಯಾನ್ ಮಾಡಿ ಮಕ್ಕಳಿಗೆ ಹಂಚಿದರೂ ಯಾರೂ ಕೇಳುವ ಹಾಗಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು ಹೋದದ್ದು 2015ರಲ್ಲಿ. ಅವರ ಪುಸ್ತಕಕ್ಕೆ 2075 ಮುಗಿಯುವವರೆಗೆ ಹಕ್ಕುದಾರರ ಒಪ್ಪಿಗೆ ಬೇಕು. ಈ ವ್ಯತ್ಯಾಸವನ್ನು ಊರಿನ ಸಂಗ್ರಹದ ಫೈಲಿನ ಮೇಲೆಯೇ ಬರೆದಿಡಿ.

ಹಂತ 11: ಒಪ್ಪಿಗೆ, ಸಹಿ, ಗೋಡೆ

ಕರಡನ್ನು ಒಂದು ತಿಂಗಳು ಮೇಜಿನ ಮೇಲೆ ಪೆನ್ಸಿಲಿನ ಜೊತೆ ಇಡಿ. ಗೀಚಲಿ. ಮತ್ತೆ ಮಹಾಸಭೆಯಲ್ಲಿ ಓದಿ, ನಿರ್ಣಯ ಮಾಡಿ, ದಿನಾಂಕ ಹಾಕಿ. ಮಲಯಾಳಂ ಪ್ರತಿಯನ್ನೂ ಮಾಡಿಸಿ, ತಪಾಸಣೆಗೆ ಬರುವವರಿಗೆ ಬೇಕು, ನಿಮ್ಮ ಅರ್ಧ ಓದುಗರಿಗೂ ಬೇಕು. ಪುಸ್ತಕ ಆರಿಸುವ ಉಪಸಮಿತಿಯಲ್ಲಿ ಐದು ಜನ ಸಾಕು. ಒಬ್ಬರು ಟೀಚರ್, ಇಬ್ಬರು ಮಹಿಳೆಯರು, ಒಬ್ಬರು ಗ್ರಂಥಪಾಲಕರು, ವಾಚನಾಲಯದ ಮಕ್ಕಳ ಬಳಗವಾದ ಬಾಲವೇದಿಯಿಂದ ಒಂದು ಮಗು. ಮಗು ಸುಮ್ನೆ ಕೂರಲಿಕ್ಕಲ್ಲ, ಮಕ್ಕಳ ಪಟ್ಟಿಗೆ ಅದರ ಸಹಿಯೂ ಬೇಕು.

ನಮ್ಮಲ್ಲಿ ಈಗ ಆ ಸ್ಥಾನದಲ್ಲಿ ಇರುವುದು ಆರನೇ ಕ್ಲಾಸಿನ ಹುಡುಗಿ. ಹೋದ ಸಲದ ಪಟ್ಟಿಯಲ್ಲಿ ನಾನು ಹಾಕಿದ್ದ ಎರಡು ನೀತಿಕಥೆಯ ಪುಸ್ತಕಕ್ಕೆ ಕಾಟು ಹೊಡೆದು, ಪಕ್ಕದಲ್ಲಿ "ದೆವ್ವದ್ದು ಬೇಕು" ಅಂತ ಬರೆದಿದ್ದಳು. ತಂದೆವು. ತಂದ ನಾಲ್ಕು ಪುಸ್ತಕವೂ ಈಗ ಹೊರಗೇ ಉಂಟು.